ಶೇಂಗಾ ಕೊಡಬಹುದೇ, ಬಂಗಡೆ ಬಿಡಬೇಕೇ? ಮಕ್ಕಳ ಅಲರ್ಜಿ ಕುರಿತು ಓದುಗರ ಪ್ರಶ್ನೆಗಳು

ಮಳೆ ಹಿಡಿದಾಗಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ತುರಿಕೆ, ಸೀನು, ಉಬ್ಬಸ ಮತ್ತು ‘ಅಲರ್ಜಿ ಟೆಸ್ಟ್’ಗಳ ಸುತ್ತಲೇ ಇವೆ. ಊರಿನಿಂದ ಬಂದ ಅಜ್ಜಿಯ ಮಾತು, ಪಕ್ಕದ ಮನೆಯ ಮರಾಠಿ ಕಾಕೂ ಕೊಟ್ಟ ಸಲಹೆ, ಮೊಬೈಲಿಗೆ ಬಂದ ಸಂದೇಶ, ಈ ಮೂರೂ ಒಂದೇ ಮಗುವಿನ ಮೇಲೆ ಪ್ರಯೋಗವಾಗುತ್ತಿರುವುದು ಅವುಗಳಿಂದ ತಿಳಿಯುತ್ತದೆ. ಆದ್ದರಿಂದ ಈ ಸಲದ ಪುಟಗಳನ್ನು ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಈಗ ಆರೂವರೆ ತಿಂಗಳು. ಮೂರನೆಯ ತಿಂಗಳಿನಿಂದಲೂ ಕೆನ್ನೆಯ ಮೇಲೆ, ಮೊಣಕೈ ಮಡಿಕೆಗಳಲ್ಲಿ ಇಸುಬು ಇದೆ. ಗದಗಿನಿಂದ ಬಂದಿರುವ ನಮ್ಮತ್ತೆಯವರು ದಿನವೂ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕಿ ಮೀಸುತ್ತಾರೆ. ಇಸುಬು ಇರುವ ಮಗುವಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಲೇಬಾರದೆಂದು ಇಪ್ಪತ್ತು ವರ್ಷಗಳ ಹಿಂದೆ ನನ್ನ ದೊಡ್ಡಕ್ಕನಿಗೆ ವೈದ್ಯರು ಹೇಳಿದ್ದರು. ನಮ್ಮ ವೈದ್ಯರು ಈಗಲೇ ಕೊಡಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು? (ತಾಯಿ, ಡೊಂಬಿವಲಿ)

ಉತ್ತರ: ನಿಮ್ಮ ಅಕ್ಕನ ವೈದ್ಯರು ತಪ್ಪು ಹೇಳಲಿಲ್ಲ, ಅಂದಿನ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದರು. ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ಕೊಡಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2000ದಲ್ಲಿ ಸಲಹೆ ನೀಡಿತ್ತು. ಹಾಗೆ ಮಾಡಿದ್ದರಿಂದ ಅಲರ್ಜಿ ಕಡಿಮೆಯಾದುದಕ್ಕೆ ಆಧಾರವಿಲ್ಲವೆಂದು 2008ರಲ್ಲಿ ಅದೇ ಅಕಾಡೆಮಿ ಆ ಸಲಹೆಯನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಪ್ರಕಟವಾದ ಒಂದು ಹೋಲಿಕೆ ಇಡೀ ಚರ್ಚೆಯ ದಿಕ್ಕನ್ನೇ ಬದಲಿಸಿತು. ಬ್ರಿಟನ್ನಿನಲ್ಲಿ ಬೆಳೆಯುವ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿಯ ಪ್ರಮಾಣ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ವಂಶ ಒಂದೇ, ತಟ್ಟೆ ಮಾತ್ರ ಬೇರೆ: ಇಸ್ರೇಲಿನಲ್ಲಿ ಕೂಸುಗಳಿಗೆ ಒಂದು ವರ್ಷ ತುಂಬುವ ಮೊದಲೇ ‘ಬಾಂಬಾ’ ಎಂಬ, ಬಾಯಲ್ಲಿ ಕರಗುವ ಶೇಂಗಾ ತಿನಿಸನ್ನು ಕೊಡುವ ರೂಢಿಯಿದೆ.

ಈ ಸುಳಿವನ್ನು ಹಿಡಿದು ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ ನಡುವಿನ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ತುಂಬುವವರೆಗೆ ಶೇಂಗಾ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 2015ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ಆರಂಭದಲ್ಲಿ ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳ ಪೈಕಿ ಶೇಂಗಾ ಬಿಟ್ಟವರಲ್ಲಿ ಶೇ. 13.7 ಮಂದಿಗೆ ಅಲರ್ಜಿ ಬಂದರೆ, ತಿಂದವರಲ್ಲಿ ಶೇ. 1.9 ಮಂದಿಗೆ ಮಾತ್ರ ಬಂದಿತ್ತು. ಅದೇ ಮಕ್ಕಳು ಹದಿಹರೆಯಕ್ಕೆ ಕಾಲಿಟ್ಟಾಗಲೂ ಆ ರಕ್ಷಣೆ ಉಳಿದಿತ್ತೆಂಬುದು 2024ರಲ್ಲಿ ದೃಢಪಟ್ಟಿತು. ವೈದ್ಯಶಾಸ್ತ್ರದಲ್ಲಿ ಒಂದು ಸಲಹೆ ಇಷ್ಟು ಪೂರ್ತಿಯಾಗಿ ತಿರುವುಮುರುವಾದ ಉದಾಹರಣೆಗಳು ಹೆಚ್ಚಿಲ್ಲ.

ಇದರ ಕಾರಣವನ್ನು ತಿಳಿದರೆ ಕಡಲೆಹಿಟ್ಟಿನ ವಿಷಯವೂ ನಿಮಗೆ ಹೊಳೆಯುತ್ತದೆ. ಬಾಯಿಂದ ಕರುಳಿಗೆ ಇಳಿದ ಹೊಸ ಪದಾರ್ಥವನ್ನು ಕೂಸಿನ ದೇಹ ಸಾಮಾನ್ಯವಾಗಿ ‘ಇದು ಆಹಾರ’ ಎಂದು ಗುರುತಿಸಿ ತಾಳಿಕೊಳ್ಳಲು ಕಲಿಯುತ್ತದೆ. ಅದೇ ಪದಾರ್ಥ ಬಿರುಕುಬಿಟ್ಟ ಚರ್ಮದ ಮೂಲಕ ಒಳಹೊಕ್ಕರೆ, ಅದನ್ನು ದಾಳಿಕೋರನೆಂದು ಭಾವಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು, ಎಂದರೆ ಹೋರಾಡುವ ಪ್ರೋಟೀನುಗಳನ್ನು, ತಯಾರಿಸುವ ಸಂಭವ ಹೆಚ್ಚು. ಇಸುಬು ಎಂದರೆ ಹೊರಗೋಡೆಯ ಗಾರೆ ಕಿತ್ತುಹೋದ ಚರ್ಮ. ಕೆಲವು ಮಕ್ಕಳಲ್ಲಿ ಆ ಗಾರೆಯಾಗಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿರುವುದು 2006ರಲ್ಲಿ ಪತ್ತೆಯಾಯಿತು. ಶೇಂಗಾ ಎಣ್ಣೆ ಬೆರೆತ ಮುಲಾಮುಗಳನ್ನು ಹಚ್ಚಿಸಿಕೊಂಡ ಕೂಸುಗಳಲ್ಲಿ ಮುಂದೆ ಶೇಂಗಾ ಅಲರ್ಜಿ ಹೆಚ್ಚಾಗಿ ಕಂಡದ್ದನ್ನು ಲ್ಯಾಕ್ ಅವರ ತಂಡವೇ 2003ರಲ್ಲಿ ಗಮನಿಸಿತ್ತು. ಹಾಗಿರುವಾಗ ಇಸುಬಿನ ಮೇಲೆ ದಿನವೂ ಕಡಲೆಹಿಟ್ಟು ತಿಕ್ಕುವುದು ನನಗೆ ಸರಿಕಾಣದು, ಏಕೆಂದರೆ ನಮ್ಮ ದೇಶದಲ್ಲಿ ಅಲರ್ಜಿ ಉಂಟುಮಾಡುವ ಕಾಳುಗಳಲ್ಲಿ ಕಡಲೆಯೂ ಒಂದು. ಅತ್ತೆಯವರ ಕೈಗುಣಕ್ಕೆ ನಾನು ಅಡ್ಡಬರುವುದಿಲ್ಲ. ಅವರೇ ಮೀಸಲಿ, ಹಿಟ್ಟನ್ನು ಮಾತ್ರ ಅಡುಗೆಮನೆಗೆ ಮರಳಿಸಲಿ. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್, ಸ್ನಾನವಾದೊಡನೆ ಮೈಯ ಪಸೆ ಆರುವ ಮೊದಲೇ ದಪ್ಪಗೆ ಮಾಯಿಶ್ಚರೈಸರ್ ಇಷ್ಟು ಸಾಕು. ಕೊಬ್ಬರಿ ಎಣ್ಣೆ ನಡೆಯುತ್ತದೆ. ದುಬಾರಿ ಆಲಿವ್ ಎಣ್ಣೆ ಚರ್ಮದ ಕವಚವನ್ನು ಸಡಿಲಗೊಳಿಸುತ್ತದೆ, ಅದು ಬೇಡ.

ಇನ್ನು ಶೇಂಗಾ ಕೊಡುವ ಕ್ರಮ. ಇಸುಬು ತೀವ್ರವಾಗಿದ್ದರೆ, ಎಂದರೆ ಮೈತುಂಬ ಹರಡಿ ಸ್ಟೀರಾಯ್ಡ್ ಮುಲಾಮು ಮೇಲಿಂದ ಮೇಲೆ ಬೇಕಾಗುತ್ತಿದ್ದರೆ, ಅಥವಾ ಮೊಟ್ಟೆ ತಿಂದು ಈಗಾಗಲೇ ತೊಂದರೆಯಾಗಿದ್ದರೆ, ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿ, ಅವರ ಎದುರಿನಲ್ಲೇ ಆರಂಭಿಸಿ. ನಿಮ್ಮ ವಿವರಣೆ ಅಷ್ಟು ತೀವ್ರವೆನಿಸುವುದಿಲ್ಲ. ಮಗು ಹುಷಾರಾಗಿರುವ ಒಂದು ದಿನ, ಹಗಲು ಹೊತ್ತಿನಲ್ಲಿ, ಸಿಪ್ಪೆ ತೆಗೆದು ಹುರಿದ ಶೇಂಗಾವನ್ನು ಬಾಣಂತಿಯ ಖಾರದ ಪುಡಿಗಿಂತಲೂ ನುಣ್ಣಗೆ ಅರೆದು, ರಾಗಿ ಅಂಬಲಿಯಲ್ಲಿ ಕಲಸಿ, ಚಮಚದ ತುದಿಯಷ್ಟು ನೆಕ್ಕಿಸಿ ಹತ್ತು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನವಾಗಿ ತಿನ್ನಿಸಿ, ಎರಡು ಗಂಟೆ ಗಮನವಿಡಿ. ಒಗ್ಗಿದ ಮೇಲೆ ವಾರಕ್ಕೆ ಮೂರು ಬಾರಿ, ಸಲಕ್ಕೆ ಸುಮಾರು ಎಂಟು ಗ್ರಾಂ ಶೇಂಗಾದಂತೆ ಮುಂದುವರಿಸಿ. ಒಮ್ಮೆ ರುಚಿ ತೋರಿಸಿ ಆರು ತಿಂಗಳು ಮರೆತುಬಿಡುವುದು ಒಳ್ಳೆಯದಲ್ಲ. ಇಡೀ ಕಾಳನ್ನು ಮಾತ್ರ ನಾಲ್ಕೈದು ವರ್ಷದವರೆಗೆ ಕೊಡಬೇಡಿ. ಅದು ಅಲರ್ಜಿಯ ಭಯದಿಂದಲ್ಲ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಭಯದಿಂದ. ಚೆನ್ನಾಗಿ ಬೆಂದ ಮೊಟ್ಟೆಯನ್ನೂ, ನಿಮ್ಮ ಮನೆಯಲ್ಲಿ ತಿನ್ನುವುದಾದರೆ, ಇದೇ ರೀತಿಯಲ್ಲಿ ಕೊಡಬಹುದು.

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗನಿಗೆ ಜ್ವರ ಬಂದಾಗ ಎರಡು ಬಾರಿ ಮೈಮೇಲೆ ಪಿತ್ತದ ಗಂಧೆ ಎದ್ದವು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಪ್ಯಾಕೇಜಿನಲ್ಲಿ ತೊಂಬತ್ತಕ್ಕೂ ಹೆಚ್ಚು ಆಹಾರಗಳ ಪರೀಕ್ಷೆ ಮಾಡಿಸಿದೆವು. ಹಾಲು, ಗೋಧಿ, ಉದ್ದು, ಬದನೆ ಸೇರಿ 23 ಪದಾರ್ಥಗಳು ‘ಪಾಸಿಟಿವ್’ ಎಂದು ಬಂತು. ಎರಡು ತಿಂಗಳಿನಿಂದ ಎಲ್ಲವನ್ನೂ ನಿಲ್ಲಿಸಿದ್ದೇವೆ. ಗಂಧೆ ಮತ್ತೆ ಬಂದಿಲ್ಲ, ಆದರೆ ಮಗು ಒಂದೂವರೆ ಕಿಲೋ ಇಳಿದಿದ್ದಾನೆ. (ತಂದೆ, ಪಿಂಪ್ರಿ, ಪುಣೆ)

ಉತ್ತರ: ನಿಮ್ಮ ಪತ್ರ ಓದಿ ನನಗೆ ಗಂಧೆಗಿಂತ ಆ ಒಂದೂವರೆ ಕಿಲೋದ ಚಿಂತೆ ಹೆಚ್ಚಾಯಿತು. ಮಕ್ಕಳಲ್ಲಿ ಜ್ವರದೊಂದಿಗೆ ಏಳುವ ಗಂಧೆಗಳಿಗೆ ಬಹುಪಾಲು ವೈರಸ್ ಸೋಂಕೇ ಕಾರಣ. ಆಹಾರದ ಅಲರ್ಜಿಯಾಗಿದ್ದರೆ ಆ ಪದಾರ್ಥ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ತುಟಿಯ ಊತ ಅಥವಾ ವಾಂತಿ ಕಾಣಿಸಿಕೊಳ್ಳಬೇಕು; ಅದು ಮುಖ್ಯವಾಗಿ ತಿಂದಾಗಲೆಲ್ಲ ಮರುಕಳಿಸಬೇಕು. ನಿಮ್ಮ ಮಗ ಆ ಪರೀಕ್ಷೆಯ ಹಿಂದಿನ ದಿನದವರೆಗೂ ಚಪಾತಿ ತಿಂದು ಹಾಲು ಕುಡಿದು ಆರಾಮಾಗಿ ಆಡಿಕೊಂಡಿದ್ದನಲ್ಲವೇ? ವರದಿಯಲ್ಲಿರುವ 23 ಸಾಲುಗಳಿಗಿಂತ ಆ ನಾಲ್ಕು ವರ್ಷಗಳ ಊಟವೇ ದೊಡ್ಡ ಸಾಕ್ಷಿ.

ಈ ವರದಿಗಳಲ್ಲಿ ಎರಡು ಜಾತಿಗಳಿವೆ. ಮೊದಲು ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ‘ಐಜಿಜಿ’ ಎಂದಿದೆಯೋ ‘ಐಜಿಇ’ ಎಂದಿದೆಯೋ ನೋಡಿಕೊಳ್ಳಿ. ಐಜಿಜಿ ಆಗಿದ್ದರೆ ಅದನ್ನು ಮಡಿಸಿ ಬದಿಗಿಡಿ. ತಿಂದ ಆಹಾರದ ವಿರುದ್ಧ ಐಜಿಜಿ ಪ್ರತಿಕಾಯ ಇರುವುದು ದೇಹಕ್ಕೆ ಆ ಆಹಾರದ ಪರಿಚಯವಿದೆ ಎಂಬುದರ ಗುರುತೇ ಹೊರತು ರೋಗದ ಗುರುತಲ್ಲ. ಇದನ್ನು ಅಲರ್ಜಿ ಪತ್ತೆಗೆ ಬಳಸಬಾರದೆಂದು ಅಮೆರಿಕ, ಯುರೋಪ್‌ಗಳ ಅಲರ್ಜಿ ತಜ್ಞರ ಸಂಘಟನೆಗಳು ಬಹಳ ವರ್ಷಗಳಿಂದ ಹೇಳುತ್ತಲೇ ಇವೆ. ಅಲರ್ಜಿಯಲ್ಲಿ ಪಾತ್ರವಹಿಸುವ ಪ್ರತಿಕಾಯವಾದ ಐಜಿಇ ಆಗಿದ್ದರೆ ಅದಕ್ಕೆ ಅರ್ಥವಿದೆ, ಆದರೆ ಅಲರ್ಜಿಯನ್ನು ಸಾಬೀತುಪಡಿಸಲು ಅದೊಂದೇ ಸಾಲದು. ಇದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಬೆಂಗಳೂರು ಮತ್ತು ಮೈಸೂರುಗಳಲ್ಲಿ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಸಿಕ್ಕಿತು. ಆದರೆ ತಿಂದಾಗ ತೊಂದರೆಯೂ ಆಗಿ, ರಕ್ತದಲ್ಲೂ ಪುರಾವೆ ಸಿಕ್ಕವರು ಶೇ. 1.2 ಮಾತ್ರ. ಎಂದರೆ ಬೀದಿಯಲ್ಲಿ ಹೋಗುವ ನಾಲ್ವರಲ್ಲಿ ಒಬ್ಬನ ರಕ್ತ ತೆಗೆದರೂ ಏನಾದರೊಂದು ಪಾಸಿಟಿವ್ ಬರುವ ಸಾಧ್ಯತೆ ಇದೆ. ತೊಂಬತ್ತು ಪದಾರ್ಥಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಯಾವುದೂ ಬರದಿದ್ದರೇ ಆಶ್ಚರ್ಯ. ಸಂಶಯ ನಿಜವಾಗಿಯೂ ಉಳಿದಾಗ ತೀರ್ಪು ಕೊಡುವುದು ಆಸ್ಪತ್ರೆಯಲ್ಲಿ, ವೈದ್ಯರ ಎದುರು, ಚೂರುಚೂರಾಗಿ ಹೆಚ್ಚಿಸುತ್ತ ಆ ಆಹಾರವನ್ನೇ ತಿನ್ನಿಸಿ ನೋಡುವ ಪರೀಕ್ಷೆ.

ಅನಗತ್ಯ ಪಥ್ಯದಿಂದ ತೂಕ ಇಳಿಯುವುದಷ್ಟೇ ಅಲ್ಲದೆ ಇನ್ನೊಂದು ಅಪಾಯವೂ ಇದೆ. ಐಜಿಇ ಇದ್ದರೂ ದಿನವೂ ತಿಂದು ತಾಳಿಕೊಂಡಿದ್ದ ಮಗುವಿಗೆ, ವಿಶೇಷವಾಗಿ ಇಸುಬು ಇರುವ ಮಗುವಿಗೆ, ಆ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿದರೆ ತಾಳಿಕೆ ಕಳೆದು ನಿಜವಾದ ಅಲರ್ಜಿಯೇ ಶುರುವಾದದ್ದುಂಟು. ಆದ್ದರಿಂದ ತಡಮಾಡದೆ ಮಕ್ಕಳ ಅಲರ್ಜಿ ತಿಳಿದ ವೈದ್ಯರ ಬಳಿ ಹೋಗಿ, ಹಾಲು ಮತ್ತು ಗೋಧಿಯನ್ನು ಅವರ ಸಲಹೆಯಂತೆ ಮೊದಲು ಮರಳಿ ತನ್ನಿ. ಬದನೆಗೆ ಅವಸರವಿಲ್ಲ, ಅದನ್ನು ಮಕ್ಕಳು ಹೇಗೂ ತಿನ್ನುವುದಿಲ್ಲ.

ಪ್ರಶ್ನೆ: ಕಳೆದ ಭಾನುವಾರ ಮನೆಯಲ್ಲಿ ಬಂಗಡೆ ಸಾರು ಮಾಡಿದ್ದೆವು. ಊಟವಾದ ಅರ್ಧ ಗಂಟೆಯಲ್ಲಿ ಎಂಟು ವರ್ಷದ ಮಗಳ ಮುಖ, ಕುತ್ತಿಗೆ ಕೆಂಪೇರಿ, ತಲೆನೋವು, ವಾಂತಿ ಶುರುವಾಯಿತು. ನನಗೂ ನನ್ನ ಯಜಮಾನರಿಗೂ ಮುಖ ಬಿಸಿಯಾಯಿತು. ಮಗಳಿಗೆ ಮೀನಿನ ಅಲರ್ಜಿ, ಇನ್ನು ಮೀನು ಕೊಡಬೇಡಿ ಎಂದು ಪಕ್ಕದವರು ಹೇಳುತ್ತಾರೆ. ಗೋವೆಯಲ್ಲಿದ್ದು ಮೀನು ಬಿಡುವುದು ಹೇಗೆ? (ತಾಯಿ, ವಾಸ್ಕೊ)

ಉತ್ತರ: ಉತ್ತರ ನಿಮ್ಮ ಪತ್ರದ ಮೂರನೆಯ ವಾಕ್ಯದಲ್ಲೇ ಇದೆ. ಅಲರ್ಜಿ ಒಬ್ಬರ ದೇಹದ ಸ್ವಭಾವ. ಒಂದೇ ಪಾತ್ರೆಯಿಂದ ಉಂಡ ಮೂವರಿಗೂ ಒಂದೇ ಹೊತ್ತಿಗೆ ಅದು ಬರುವುದಿಲ್ಲ. ಬಂಗಡೆ, ತಾರಲೆ, ಗೆದರೆಯಂತಹ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಹಿಡಿದ ಮೀನನ್ನು ಕೂಡಲೇ ಸಾಕಷ್ಟು ಮಂಜುಗಡ್ಡೆಯಲ್ಲಿ ಇಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹವೇ ಬಿಡುಗಡೆ ಮಾಡುವ ರಾಸಾಯನಿಕವೂ ಇದೇ. ಆದ್ದರಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಅಲರ್ಜಿಗೆ ಕೊಡುವ ಮಾತ್ರೆಯಿಂದಲೇ ಇದೂ ಶಮನವಾಗುತ್ತದೆ. ಎಷ್ಟು ಕುದಿಸಿದರೂ, ಹುಣಸೆಹುಳಿ ಎಷ್ಟು ಹಾಕಿದರೂ ಹಿಸ್ಟಮಿನ್ ನಾಶವಾಗುವುದಿಲ್ಲ. ಮೀನು ಕೊಳೆತ ವಾಸನೆ ಬರಲೇಬೇಕೆಂದೂ ಇಲ್ಲ. ತಿನ್ನುವಾಗ ನಾಲಗೆಗೆ ಮೆಣಸಿನಂತೆ ಚುರುಗುಟ್ಟಿದ್ದರೆ ಅದೊಂದು ಸುಳಿವು. ಬಿಡಬೇಕಾದದ್ದು ಮೀನನ್ನಲ್ಲ, ಬಿಸಿಲಲ್ಲಿ ಬುಟ್ಟಿಯಿಟ್ಟು ಮಾರುವವರ ಮೀನನ್ನು. ಮುಂದೊಮ್ಮೆ ತಾಜಾ ಮೀನು ತಿಂದಾಗ ಮಗಳೊಬ್ಬಳಿಗೇ ಹೀಗಾದರೆ ಆಗ ಪರೀಕ್ಷೆ ಮಾಡಿಸೋಣ.

ಸಿಗಡಿಯ ಕಥೆ ಬೇರೆ. ಅದರ ಅಲರ್ಜಿ ನಿಜವಾದದ್ದು, ಬಹಳ ಮಂದಿಗೆ ಜೀವನವಿಡೀ ಉಳಿಯುವಂಥದ್ದು. ಸಿಗಡಿಯಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನನ್ನೇ ಹೋಲುವ ಅಂಶ ಜಿರಲೆಯಲ್ಲೂ ಧೂಳಿನ ನುಸಿಯಲ್ಲೂ ಇದೆ. ಹೀಗಾಗಿ ನುಸಿಯ ಅಲರ್ಜಿ ಇರುವ ಮಗುವಿನ ರಕ್ತದಲ್ಲಿ, ಅದು ಸಿಗಡಿಯ ರುಚಿಯನ್ನೇ ಕಾಣದ ಶುದ್ಧ ಸಸ್ಯಾಹಾರಿ ಮನೆಯದಾಗಿದ್ದರೂ, ಸಿಗಡಿ ‘ಪಾಸಿಟಿವ್’ ಬರಬಹುದು!

ಪ್ರಶ್ನೆ: ಮಳೆಗಾಲ ಮುಗಿಯುತ್ತಿದ್ದಂತೆ ಹತ್ತು ವರ್ಷದ ಮಗಳಿಗೆ ಎಡೆಬಿಡದೆ ಸೀನು, ಕಣ್ಣುರಿ. ನಮ್ಮ ಸೊಸೈಟಿಯ ಹಿಂದೆ ಖಾಲಿ ಜಾಗದ ತುಂಬ ಕಾಂಗ್ರೆಸ್ ಗಿಡ ಬೆಳೆದಿದೆ. ಅದೇ ಕಾರಣವೇ? (ತಾಯಿ, ಭೋಸರಿ, ಪುಣೆ)

ಉತ್ತರ: ಇರಬಹುದು. ಪಾರ್ಥೇನಿಯಂ ಎಂಬ ಆ ಗಿಡವನ್ನು ಭಾರತದಲ್ಲಿ ಕಳೆಯೆಂದು ಮೊದಲು ಗುರುತಿಸಿದ್ದೇ ನಿಮ್ಮ ಪುಣೆಯಲ್ಲಿ, 1950ರ ದಶಕದ ನಡುವಿನಲ್ಲಿ. ಅದರ ಪರಾಗ ಮೂಗಿಗೆ ಅಲರ್ಜಿ ತರುತ್ತದೆ, ಎಲೆ ಮತ್ತು ಕಾಂಡದ ಸ್ಪರ್ಶದಿಂದ ಚರ್ಮಕ್ಕೆ ಬೇರೆಯದೇ ಬಗೆಯ ಉರಿ ಬರುತ್ತದೆ. ಹೂ ಬಿಡುವ ಮೊದಲೇ, ಕೈಗವಸು ತೊಟ್ಟ ದೊಡ್ಡವರಿಂದ ಬೇರುಸಹಿತ ಕೀಳಿಸಿ. ಶಾಲೆಯ ಶ್ರಮದಾನದಲ್ಲಿ ಮಕ್ಕಳಿಂದ ಕೀಳಿಸುವ ಪರಿಪಾಠವನ್ನು ದಯವಿಟ್ಟು ನಿಲ್ಲಿಸಿ. ಮಗಳಿಗೆ ವೈದ್ಯರು ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಹೆದರದೆ, ಋತು ಮುಗಿಯುವವರೆಗೆ ದಿನವೂ ಬಳಸಿ.

ಪ್ರಶ್ನೆ: ನನ್ನ ಆರು ವರ್ಷದ ಮೊಮ್ಮಗನಿಗೆ ಎರಡು ವರ್ಷಗಳಿಂದ ಉಬ್ಬಸ. ವೈದ್ಯರು ಇನ್ಹೇಲರ್ ಬರೆದಿದ್ದಾರೆ. ಅದು ಅಭ್ಯಾಸವಾಗಿಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ ಎಂದು ಸೊಸೆ ಹೆದರಿ ಬರೀ ಸಿಹಿ ಸಿರಪ್ಪು, ಮಾಂಟೆಲುಕಾಸ್ಟ್ ಮಾತ್ರೆಗಳಲ್ಲೇ ಸಾಗಿಸುತ್ತಿದ್ದಾಳೆ. ನಮ್ಮ ಬಾಲ್ಕನಿಯಲ್ಲಿ ಪಾರಿವಾಳಗಳ ಕಾಟವೂ ಇದೆ. (ಅಜ್ಜ, ಘಾಟ್ಕೋಪರ್)

ಉತ್ತರ: ಸೊಸೆಯವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ, ಆದ್ದರಿಂದ ಅಂಕಿಯನ್ನೇ ಹೇಳುತ್ತೇನೆ. ಬಾಲ್ಯದಲ್ಲಿ ನಾಲ್ಕಾರು ವರ್ಷ ದಿನವೂ ಸ್ಟೀರಾಯ್ಡ್ ಇನ್ಹೇಲರ್ ಬಳಸಿದ ಮಕ್ಕಳನ್ನು ಪ್ರೌಢರಾಗುವವರೆಗೆ ಹಿಂಬಾಲಿಸಿ ಅಳೆದು 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಅವರ ಎತ್ತರ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಒಂದು ಬೆರಳಿನ ಅಗಲಕ್ಕಿಂತಲೂ ಕಡಿಮೆ. ಹತೋಟಿಗೆ ಬಾರದ ಉಬ್ಬಸ ಮಗುವಿನ ನಿದ್ದೆ, ಆಟ, ಶಾಲೆ ಎಲ್ಲವನ್ನೂ ಕೆಡಿಸುತ್ತದೆ, ಒಮ್ಮೊಮ್ಮೆ ಪ್ರಾಣವನ್ನೂ ತೆಗೆಯುತ್ತದೆ. ಇನ್ಹೇಲರ್ ‘ಅಭ್ಯಾಸ’ವಾಗುವುದಿಲ್ಲ, ರೋಗ ಇರುವಷ್ಟು ದಿನ ಔಷಧಿ ಬೇಕಾಗುತ್ತದೆ ಎಂಬುದನ್ನೇ ಜನ ಅಭ್ಯಾಸವೆಂದು ಕರೆಯುತ್ತಾರೆ. ಆರು ವರ್ಷದ ಮಗುವಿಗೆ ಅದನ್ನು ನೇರವಾಗಿ ಬಾಯಿಗಿಡದೆ ಸ್ಪೇಸರ್ ಎಂಬ ಕೊಳವೆಯ ಮೂಲಕ ಕೊಡಬೇಕು, ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು.

ನಿರಪಾಯವೆಂದು ಸೊಸೆಯವರು ನಂಬಿರುವ ಮಾಂಟೆಲುಕಾಸ್ಟ್‌ಗೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಅತ್ಯಂತ ಗಂಭೀರ ಎಚ್ಚರಿಕೆಯ ಚೌಕಟ್ಟು ಹಾಕಿಸಿತು. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ರಂಪಾಟ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳವರೆಗೂ ಅದರ ಪರಿಣಾಮ ವರದಿಯಾಗಿದೆ. ಎಲ್ಲ ಮಕ್ಕಳಿಗೂ ಹೀಗಾಗುತ್ತದೆಂದಲ್ಲ. ಆದರೆ ನಮ್ಮಲ್ಲಿ ಬರೀ ನೆಗಡಿಗೂ ಅದನ್ನು ತಿಂಗಳುಗಟ್ಟಲೆ ಕುಡಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೊಮ್ಮಗ ಇತ್ತೀಚೆಗೆ ರಾತ್ರಿ ಬೆಚ್ಚಿಬೀಳುವುದು, ಕಾರಣವಿಲ್ಲದೆ ಸಿಡುಕುವುದು ಇದ್ದರೆ ವೈದ್ಯರಿಗೆ ತಿಳಿಸಿ.

ಪಾರಿವಾಳದ ವಿಷಯಕ್ಕೆ ಬರುತ್ತೇನೆ. 2025ರ ಜುಲೈಯಲ್ಲಿ ಮುಂಬಯಿಯ, ಪಾರಿವಾಳಗಳಿಗೆ ಕಾಳು ಹಾಕುವ ಕಬೂತರ್‌ಖಾನೆಗಳನ್ನು ಮುಚ್ಚಲು ಆದೇಶವಾಗಿ, ದಾದರಿನಲ್ಲಿ ಗದ್ದಲವೆದ್ದು, ವ್ಯಾಜ್ಯ ಬಾಂಬೆ ಹೈಕೋರ್ಟಿನಲ್ಲಿ ನಡೆದದ್ದನ್ನು ನೀವೂ ಓದಿದ್ದೀರಿ. ಭಕ್ತಿ, ಭೂತದಯೆಗಳ ವಾದಕ್ಕೆ ನಾನು ಹೋಗುವುದಿಲ್ಲ, ಪುಪ್ಪುಸದ ಮಾತನ್ನಷ್ಟೇ ಹೇಳುತ್ತೇನೆ. ಪಾರಿವಾಳದ ಒಣಗಿದ ಹಿಕ್ಕೆ ಮತ್ತು ಗರಿಗಳ ಹುಡಿಯನ್ನು ದಿನವೂ ಉಸಿರಾಡುವವರಲ್ಲಿ ಕೆಲವರಿಗೆ ‘ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್’ ಎಂಬ ಕಾಯಿಲೆ ಬರುತ್ತದೆ. ಇದು ಉಬ್ಬಸವಲ್ಲ, ಇದರಲ್ಲಿ ಐಜಿಇಯ ಪಾತ್ರವೂ ಮುಖ್ಯವಲ್ಲ. ದೇಹದ ರಕ್ಷಣಾ ವ್ಯವಸ್ಥೆ ಶ್ವಾಸಕೋಶದ ಆಳದ ಗಾಳಿಗೂಡುಗಳಲ್ಲೇ ಉರಿಯೂತ ಎಬ್ಬಿಸುತ್ತದೆ, ವರ್ಷಗಳ ಕಾಲ ಹಾಗೇ ನಡೆದರೆ ಅಲ್ಲಿ ಗಾಯದ ಕಲೆ ಕಟ್ಟುತ್ತದೆ, ಆ ಕಲೆ ಮತ್ತೆ ಮಾಯುವುದಿಲ್ಲ. ಮಕ್ಕಳಲ್ಲಿ ಇದು ಅಪರೂಪ. ಒಣಕೆಮ್ಮು, ಮೆಟ್ಟಿಲೇರಿದರೆ ಏದುಸಿರು, ಕಾರಣ ತಿಳಿಯದ ತೂಕ ಇಳಿಕೆ ಇದ್ದು, ಇನ್ಹೇಲರಿನಿಂದ ಗುಣ ಕಾಣದಿದ್ದರೆ ಮಾತ್ರ ಈ ದಿಕ್ಕಿನಲ್ಲಿ ಯೋಚಿಸಬೇಕು. ಬಾಲ್ಕನಿಗೆ ಬಲೆ ಕಟ್ಟಿಸಿ. ಹಿಕ್ಕೆಯನ್ನು ಒಣಪೊರಕೆಯಿಂದ ಗುಡಿಸದೆ, ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ತೊಟ್ಟು ಒರೆಸಿ. ಮೊಮ್ಮಗನ ಉಬ್ಬಸಕ್ಕೆ ಪಾರಿವಾಳಕ್ಕಿಂತ ಹಾಸಿಗೆಯೊಳಗಿನ ನುಸಿಯೇ ಹೆಚ್ಚು ಕಾರಣವಾಗಿರಬಹುದು. ಮುಂಬಯಿಯ ತೇವ ಅದಕ್ಕೆ ಹೇಳಿಮಾಡಿಸಿದ ಹವೆ. ಹಾಸು, ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಸಿ, ಗೋಡೆಯ ಬೂಷ್ಟನ್ನು ತೊಲಗಿಸಿ.

ಪ್ರಶ್ನೆ: ನನ್ನ ಒಂದೂವರೆ ವರ್ಷದ ಮಗನಿಗೆ ಎರಡು ಬಾರಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿಸಬೇಕಾಯಿತು, ಮೂರು ಬಾರಿ ಕಿವಿ ಸೋರಿತು. ತೂಕ ಏರುತ್ತಿಲ್ಲ. ನನ್ನ ತಮ್ಮನೊಬ್ಬ ಊರಿನಲ್ಲಿ ಎರಡು ವರ್ಷದವನಿದ್ದಾಗ ಹೀಗೆಯೇ ಜ್ವರದಲ್ಲಿ ತೀರಿಕೊಂಡಿದ್ದ. ‘ಇಮ್ಯುನಿಟಿ’ ಹೆಚ್ಚಿಸುವ ಟಾನಿಕ್ ಯಾವುದು ಒಳ್ಳೆಯದು? (ತಾಯಿ, ಮೀರಾ ರೋಡ್)

ಉತ್ತರ: ಟಾನಿಕ್ ಹುಡುಕುವುದನ್ನು ಇಂದೇ ನಿಲ್ಲಿಸಿ. ಶಿಶುವಿಹಾರಕ್ಕೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ, ಅಂತಹ ಪತ್ರಗಳಿಗೆ ನಾನು ಚಿಂತಿಸಬೇಡಿ ಎಂದೇ ಬರೆಯುತ್ತೇನೆ. ನಿಮ್ಮ ಪತ್ರ ಆ ಬಗೆಯದಲ್ಲ. ವರ್ಷದೊಳಗೆ ಎರಡು ನ್ಯುಮೋನಿಯಾ, ಏರದ ತೂಕ, ತಾಯಿಯ ಕಡೆಯ ಗಂಡುಮಗುವಿನ ಅಕಾಲ ಮರಣ, ಈ ಮೂರೂ ಹುಟ್ಟಿನಿಂದಲೇ ಬರುವ ರೋಗನಿರೋಧಕ ವ್ಯವಸ್ಥೆಯ ದೋಷದ ಎಚ್ಚರಿಕೆಯ ಗುರುತುಗಳು. ಇಂತಹ ದೋಷಗಳಲ್ಲಿ ಇಂದು 500ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಮೊದಲನೆಯವುಗಳಲ್ಲೊಂದನ್ನು 1952ರಲ್ಲಿ ಅಮೆರಿಕದ ವೈದ್ಯ ಓಗ್ಡನ್ ಬ್ರೂಟನ್ ವಿವರಿಸಿದರು. ಅದರಲ್ಲಿ ದೇಹ ಪ್ರತಿಕಾಯಗಳನ್ನೇ ತಯಾರಿಸುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಆರು ತಿಂಗಳಲ್ಲಿ ಮುಗಿದ ಮೇಲೆ ಸೋಂಕುಗಳು ಒಂದರ ಹಿಂದೊಂದು ಬರತೊಡಗುತ್ತವೆ. ಎಕ್ಸ್ ಕ್ರೋಮೊಸೋಮಿನ ಮೂಲಕ ಹರಿಯುವ ಈ ದೋಷ ತಾಯಂದಿರಲ್ಲಿ ಅಡಗಿದ್ದು ಗಂಡುಮಕ್ಕಳಲ್ಲಿ ಪ್ರಕಟವಾಗುತ್ತದೆ. ಆದ್ದರಿಂದಲೇ ನಿಮ್ಮ ತಮ್ಮನ ಸಂಗತಿ ಇಷ್ಟು ಮುಖ್ಯ. ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿಯಿರುವ ನಮ್ಮ ಮನೆತನಗಳಲ್ಲಿ ಬೇರೆ ಬಗೆಯ ದೋಷಗಳೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಹಾಗೆಯೇ ನಿಮ್ಮದು ಸಂಬಂಧದಲ್ಲಾದ ಮದುವೆಯೇ ಎಂಬುದನ್ನೂ ಮುಚ್ಚಿಡಬೇಡಿ.

ಮೊದಲ ಹೆಜ್ಜೆ ದುಬಾರಿಯಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಒಂದು ಬಗೆಯ ಬಿಳಿ ರಕ್ತಕಣಗಳಾದ ಲಿಂಫೊಸೈಟ್‌ಗಳ ಒಟ್ಟು ಸಂಖ್ಯೆ ನೋಡಬೇಕು. ಎಳೆಗೂಸಿನಲ್ಲಿ ಅದು 3000ಕ್ಕಿಂತ ಕಡಿಮೆಯಿದ್ದರೆ ಅದೇ ಗಂಭೀರ ಸೂಚನೆ. ಜೊತೆಗೆ ಐಜಿಜಿ, ಐಜಿಎ, ಐಜಿಎಂಗಳ ಒಟ್ಟು ಪ್ರಮಾಣ ಅಳೆಯಬೇಕು. ಮೇಲೆ ನಾನು ಬದಿಗಿಡಿ ಎಂದ ಐಜಿಜಿ ಪರೀಕ್ಷೆ ಬೇರೆ, ಇದು ಬೇರೆ. ಮುಂದಿನ ಪರೀಕ್ಷೆಗಳಿಗೆ ನೀವು ಸರಿಯಾದ ಊರಿನಲ್ಲೇ ಇದ್ದೀರಿ: ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ, ಅಲ್ಲೇ ಸಮೀಪದಲ್ಲಿ ಮಕ್ಕಳ ವಾಡಿಯಾ ಆಸ್ಪತ್ರೆ ಇದೆ. ಈ ಬಗೆಯ ರೋಗಗಳ ಪತ್ತೆ ಮತ್ತು ಚಿಕಿತ್ಸೆಯಲ್ಲಿ ಇವೆರಡಕ್ಕೂ ಅನುಭವವಿದೆ. ಪ್ರತಿಕಾಯಗಳ ಕೊರತೆಯೆಂದು ಗೊತ್ತಾದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಔಷಧವನ್ನು ನಿಯಮಿತವಾಗಿ ಕೊಟ್ಟು ಮಗುವನ್ನು ಆರೋಗ್ಯವಾಗಿ ಬೆಳೆಸಬಹುದು. ಕೆಲವು ತೀವ್ರ ದೋಷಗಳಿಗೆ ಅಸ್ಥಿಮಜ್ಜೆಯ ಕಸಿಯೇ ಪರಿಹಾರ, ಅದೂ ಎಳವೆಯಲ್ಲಾದಷ್ಟು ಒಳ್ಳೆಯದು. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ನಿಗದಿತ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶವಿದೆ, ಕೆಇಎಂ ಅಂತಹ ಒಂದು ಕೇಂದ್ರ. ಪರೀಕ್ಷೆಗಳು ಮುಗಿಯುವವರೆಗೆ ಬಾಯಿಯ ಪೋಲಿಯೊ ಹನಿ ಮುಂತಾದ ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಹಾಕಿಸಬೇಡಿ. ಹುಟ್ಟಿದಾಗ ಹಾಕಿದ ಬಿಸಿಜಿಯ ಜಾಗದಲ್ಲಿ ಹುಣ್ಣಿದ್ದರೆ, ಕಂಕುಳಲ್ಲಿ ಗಂಟು ಬಂದಿದ್ದರೆ ಅದನ್ನೂ ತೋರಿಸಿ.

ಟಾನಿಕ್ಕಿನ ಬಗ್ಗೆ ಇನ್ನೊಂದು ಮಾತು. ‘ಇಮ್ಯುನಿಟಿ’ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನೇ 2025ರ ವೈದ್ಯಕೀಯ ನೊಬೆಲ್ ಪಡೆದ ಸಂಶೋಧನೆ ಬುಡಮೇಲು ಮಾಡುತ್ತದೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ರಕ್ಷಣಾ ವ್ಯವಸ್ಥೆಗೇ ಕಡಿವಾಣ ಹಾಕುವ ಜೀವಕೋಶಗಳನ್ನು ತೋರಿಸಿಕೊಟ್ಟರು. ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ‘ಫಾಕ್ಸ್‌ಪಿ3’ ಎಂಬ ವಂಶವಾಹಿಯನ್ನು ಪತ್ತೆಹಚ್ಚಿದರು. ಆ ಕಡಿವಾಣದ ಕೋಶಗಳು ರೂಪುಗೊಳ್ಳುವುದು ಅದರಿಂದಲೇ ಎಂಬುದು ಆಮೇಲೆ ಖಚಿತವಾಯಿತು. ಆ ವಂಶವಾಹಿ ಕೆಟ್ಟ ಗಂಡುಕೂಸುಗಳಲ್ಲಿ ನಿಲ್ಲದ ಭೇದಿ, ಇಸುಬು, ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ, ಏರಿದ ಐಜಿಇ ಎಲ್ಲವೂ ಒಟ್ಟಿಗೆ ಕಾಣಿಸುತ್ತವೆ. ಡೊಂಬಿವಲಿಯ ಕೂಸು ಶೇಂಗಾವನ್ನು ತಾಳಿಕೊಳ್ಳಲು ಕಲಿಯುವುದರಲ್ಲೂ ಇದೇ ಜಾತಿಯ ಕೋಶಗಳ ಪಾತ್ರವಿದೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ಮಗಳ ಮಗನಿಗೆ ಏಳು ವರ್ಷ, ಶೇಂಗಾದ ತೀವ್ರ ಅಲರ್ಜಿ. ಅಲ್ಲಿ ಅವನಿಗೆ ಹೊಸದೊಂದು ಇಂಜೆಕ್ಷನ್ ಕೊಡುತ್ತಿದ್ದಾರಂತೆ. ದೀಪಾವಳಿಗೆ ಬರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಡಬ್ಬಿಯೇ ಇಲ್ಲ. (ಅಜ್ಜಿ, ಮಾಟುಂಗಾ)

ಉತ್ತರ: ಆ ಇಂಜೆಕ್ಷನ್ ಬಹುಶಃ ಒಮಾಲಿಜುಮ್ಯಾಬ್ ಇರಬೇಕು. ಉಬ್ಬಸಕ್ಕೆ 2003ರಿಂದಲೇ ಬಳಕೆಯಲ್ಲಿದ್ದ ಈ ಔಷಧವನ್ನು ಒಂದು ವರ್ಷ ಮೇಲ್ಪಟ್ಟವರ ಆಹಾರದ ಅಲರ್ಜಿಗೂ ಬಳಸಲು ಅಮೆರಿಕ 2024ರ ಫೆಬ್ರವರಿಯಲ್ಲಿ ಅನುಮತಿಸಿತು. ಆ ಅನುಮತಿಗೆ ಆಧಾರವಾದ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಶೇ. 67 ಮಂದಿ ಸುಮಾರು ಎರಡೂವರೆ ಶೇಂಗಾ ಕಾಳಿನಷ್ಟನ್ನು ತಾಳಿಕೊಂಡರು. ಬರೀ ನೀರಿನಂಥ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 7 ಮಂದಿ ಮಾತ್ರ. ಎರಡೂವರೆ ಕಾಳು ಎಂಬುದನ್ನು ಗಮನಿಸಿ, ಅಜ್ಜಿ. ಇದು ಮೊಮ್ಮಗ ಶೇಂಗಾ ಉಂಡೆ ತಿನ್ನಲು ಕೊಟ್ಟ ಪರವಾನಗಿಯಲ್ಲ, ಎಲ್ಲೋ ಅರಿಯದೆ ಬೆರೆತ ಚೂರಿನಿಂದ ಪ್ರಾಣಕ್ಕೆ ಕುತ್ತು ಬರದಂತೆ ಕಟ್ಟಿದ ತಡೆಗೋಡೆ.

ಅವರು ಬರುವಾಗ ಆಡ್ರಿನಲಿನ್ ಪೆನ್ನುಗಳನ್ನು, ಎಂದರೆ ತೀವ್ರ ಅಲರ್ಜಿಯಾದಾಗ ಮನೆಯಲ್ಲೇ ಚುಚ್ಚಬಹುದಾದ ಸಿದ್ಧ ಇಂಜೆಕ್ಷನ್‌ಗಳನ್ನು, ಎರಡಾದರೂ ತರಲೇಬೇಕು, ಇಲ್ಲಿ ಅವು ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಸೂಜಿಯಿಲ್ಲದೆ ಮೂಗಿಗೆ ಸಿಂಪಡಿಸುವ ಆಡ್ರಿನಲಿನ್‌ಗೂ ಅಮೆರಿಕದಲ್ಲಿ 2024ರಲ್ಲಿ, 15ರಿಂದ 30 ಕಿಲೋ ತೂಕದ ಮಕ್ಕಳ ಅಳತೆಗೆ 2025ರಲ್ಲಿ ಅನುಮತಿ ಸಿಕ್ಕಿದೆ. ಮಗುವಿನ ವೈದ್ಯರು ಅದನ್ನೇ ಕೊಟ್ಟಿರಲೂಬಹುದು. ಯಾವುದನ್ನೇ ತರಲಿ, ಬಳಸುವ ಕ್ರಮವನ್ನು ಬಂದ ಮೊದಲ ದಿನವೇ ನೀವೂ ಕಲಿತುಕೊಳ್ಳಿ. ಗಂಧೆಯ ಜೊತೆಗೆ ವಾಂತಿ, ದನಿ ಗೊಗ್ಗರಾಗುವುದು, ಉಸಿರಿನ ಸುಯ್ಯಿ ಸದ್ದು, ಮಂಕು ಇವುಗಳಲ್ಲಿ ಯಾವುದು ಕಂಡರೂ ಮೊದಲು ಆಡ್ರಿನಲಿನ್. ಪೆನ್ನಾದರೆ ತೊಡೆಯ ಹೊರಮಗ್ಗುಲಿಗೆ, ಬಟ್ಟೆಯ ಮೇಲಿಂದಲೇ ಕೊಡಬಹುದು. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಅನಂತರ 108ಕ್ಕೆ ಕರೆ. ಐದು ನಿಮಿಷ ಕಳೆದರೂ ಸುಧಾರಿಸದಿದ್ದರೆ ಎರಡನೆಯ ಪೆನ್ನು. ಸೀನಿಗೆ ಕೊಡುವ ಮಾತ್ರೆ ನುಂಗಿಸಿ ಕಾಯುತ್ತ ಕೂರುವುದರಲ್ಲೇ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ.

ಅಡುಗೆಮನೆಗೆ ಹೆಚ್ಚು ಕಷ್ಟವಿಲ್ಲ. ಅವರಿರುವಷ್ಟು ದಿನ ಶೇಂಗಾ ಡಬ್ಬಿ, ಚಟ್ನಿಪುಡಿ, ಶೇಂಗಾ ಎಣ್ಣೆಯನ್ನು ಪಕ್ಕದ ಮನೆಗೆ ಸಾಗಿಸಿ, ಮಿಕ್ಸರಿನ ಜಾರನ್ನು ಹೊಸದಾಗಿ ಕೊಳ್ಳಿ ಅಥವಾ ಅದರ ರಬ್ಬರ್ ಬಳೆಯನ್ನು ಬಿಚ್ಚಿ ಸಾಬೂನಿನಿಂದ ತೊಳೆಯಿರಿ. ಸಾಬುದಾಣಾ ಖಿಚಡಿ, ಹೊರಗಿನ ಚಿವಡಾ, ಚಿಕ್ಕಿ ಬೇಡ. ಗೋಡಂಬಿ ಬರ್ಫಿ ಕೊಡುವ ಮೊದಲು ಮಗಳನ್ನು ಕೇಳಿ, ಏಕೆಂದರೆ ಶೇಂಗಾ ಅಲರ್ಜಿ ಇರುವ ಮಕ್ಕಳಲ್ಲಿ ಕೆಲವರಿಗೆ ಗೋಡಂಬಿಯೂ ಆಗುವುದಿಲ್ಲ. ಮನೆಯಲ್ಲೇ ಮಾಡಿದ ರವೆ ಉಂಡೆ, ಚಕ್ಕುಲಿಗಳನ್ನು ಹೊಸ ಎಣ್ಣೆಯಲ್ಲಿ, ಹೊಸ ಡಬ್ಬಿಯಲ್ಲಿ ಅವನ ಹೆಸರು ಬರೆದು ಬೇರೆಯಾಗಿಡಿ.